ಇಳಿಯುವ ಮುಂಚೆ ಚೀಟಿ ಬರೆದುಕೊಳ್ಳಿ: ಶಿಮ್ಲಾದ ಬಾಡಿಗೆ ರೂಮಿನ ದಿನಗಳು

ಶಿಮ್ಲಾದಲ್ಲಿ ಬಾಡಿಗೆಗೆ ರೂಮು ನೋಡುವವರು ಮೊದಲು ಎರಡು ಪ್ರಶ್ನೆ ಕೇಳಬೇಕು. ಬಿಸಿಲು ಎಷ್ಟೊತ್ತು ಬೀಳುತ್ತದೆ? ರಸ್ತೆಯಿಂದ ಎಷ್ಟು ಮೆಟ್ಟಿಲು? ವೈಫೈ, ಗೀಸರ್, ಬಾಡಿಗೆ ಎಲ್ಲ ಆಮೇಲೆ. ಇದನ್ನು ಹೇಳಿಕೊಟ್ಟವಳು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಓದಿದ ನನ್ನ ಗೆಳತಿ. ಅವಳ ಪರಿಚಯದವರ ಮನೆಯೊಂದು ಶಿಮ್ಲಾದ ಸಂಜೌಲಿ ಬಡಾವಣೆಯಲ್ಲಿತ್ತು. ಡಿಸೆಂಬರಿನಲ್ಲಿ ಒಂದಷ್ಟು ದಿನ ನಾನು ಮತ್ತು ಅಮ್ಮ ಅಲ್ಲಿ ಇದ್ದೆವು. ನನ್ನದು ಲ್ಯಾಪ್‌ಟಾಪ್ ಇದ್ದಲ್ಲಿ ನಡೆಯುವ ಕೆಲಸ. ಅಮ್ಮನಿಗೆ ಹಿಮ ನೋಡುವ ಆಸೆ. ಹೋಟೆಲು ಬೇಡ, ಟ್ಯಾಕ್ಸಿಯವನು ಓದುವ ಜಾಗಗಳ ಪಟ್ಟಿ ಬೇಡ, ಊರಿನವರು ಹೇಗಿರುತ್ತಾರೋ ಹಾಗೆ ಇದ್ದು ಬರೋಣ ಅಂತ ಮಾತಾಡಿಕೊಂಡಿದ್ದೆವು.

ನಾವು ದಾವಣಗೆರೆ ಕಡೆಯವರು. ನಮ್ಮ ಊರಲ್ಲಿ ಎತ್ತರ ಅಂದರೆ ಮನೆ ಮಾಳಿಗೆ, ಅಷ್ಟೇ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಶಿಮ್ಲಾ ಇರುವುದು ಸುಮಾರು 2,200 ಮೀಟರಿನಲ್ಲಿ. ನಾವು ಟ್ರೆಕ್ಕಿಂಗ್ ಮಾಡಿ, ಫೋಟೊ ತೆಗೆಸಿಕೊಂಡು ಇಳಿದು ಬರುವ ಎತ್ತರಕ್ಕಿಂತಲೂ ಮೇಲೆ ಲಕ್ಷಕ್ಕೂ ಹೆಚ್ಚು ಜನ ದಿನಾ ಹಾಲು ತರುತ್ತಾರೆ, ಮಕ್ಕಳನ್ನು ಸ್ಕೂಲಿಗೆ ಕಳಿಸುತ್ತಾರೆ, ಗ್ಯಾಸ್ ಬುಕ್ ಮಾಡುತ್ತಾರೆ.

ಆ ಮನೆಗೆ ಹೋಗಬೇಕಾದದ್ದು ಮೇಲಿನಿಂದ. ರಸ್ತೆಗೆ ಅಂಟಿಕೊಂಡಿರುವುದು ಮನೆಯ ತಾರಸಿ. ಅಲ್ಲಿ ಎರಡು ಕಾರು ನಿಂತಿದ್ದವು. ಪಕ್ಕದಲ್ಲೇ ಮೆಟ್ಟಿಲು. ಇಳಿಯುತ್ತಾ ಹೋದಂತೆ ಮೊದಲು ಸಿಗುವುದು ಮೇಲಿನ ಮಹಡಿ, ಆಮೇಲೆ ಅದರ ಕೆಳಗಿನದು, ಅದರ ಕೆಳಗಿನದು. ನಮ್ಮ ರೂಮು ಇನ್ನೂ ಕೆಳಗೆ. "ಮನೆ ನೆತ್ತಿ ಮೇಲೆ ಕಾರು ನಿಲ್ಸಿದಾರಲ್ಲೇ, ಸೂರು ಕುಸಿಯಲ್ವಾ?" ಅಂದಳು ಅಮ್ಮ. ನಗುವ ಪ್ರಶ್ನೆ ಅಲ್ಲ ಅದು. ಈ ಊರಲ್ಲಿ ಮಹಡಿ ಜಾಸ್ತಿಯಾಗಿದೆ ಅಂತ 2017ರಲ್ಲಿ ಹಸಿರು ನ್ಯಾಯಮಂಡಳಿ ಹೊಸ ಕಟ್ಟಡಗಳಿಗೆ ಮಿತಿ ಹಾಕಿತ್ತು. 2023ರ ಆಗಸ್ಟ್ 14ರಂದು, ಶ್ರಾವಣ ಸೋಮವಾರ, ಸಮ್ಮರ್ ಹಿಲ್‌ನ ಶಿವ ದೇವಸ್ಥಾನದ ಮೇಲೆ ಗುಡ್ಡ ಜಾರಿ 20 ಜನ ಸತ್ತರು. ಮಣ್ಣು ಕೊಚ್ಚಿಹೋಗಿ ರೈಲು ಹಳಿ ಗಾಳಿಯಲ್ಲಿ ನೇತಾಡುತ್ತಿತ್ತು. ಮನೆಯೊಡತಿ ಆಂಟಿ ಅದನ್ನು ಹೇಳುವಾಗ ಗೋಡೆ ಮೂಲೆಯ ಒಂದು ಸಣ್ಣ ಬಿರುಕನ್ನು ತೋರಿಸಿದರು. ಅದರ ಎರಡು ತುದಿಗೂ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆದಿದ್ದರು. ಪ್ರತಿ ಮಳೆಗಾಲ ಮುಗಿದ ಮೇಲೆ ಬಿರುಕು ಗೆರೆ ದಾಟಿದೆಯಾ ಅಂತ ನೋಡುತ್ತಾರಂತೆ.

ಬಂದ ದಿನ ಲಗೇಜು ಇಳಿಸಿದ್ದು ಒಬ್ಬ ಕಾಶ್ಮೀರಿ. ಶಿಮ್ಲಾದಲ್ಲಿ ಭಾರ ಹೊರುವ ಕೆಲಸದಲ್ಲಿ ಕಾಶ್ಮೀರದವರು ತುಂಬಾ ಜನ ಇದ್ದಾರೆ. ಎಲ್ಲರೂ ಅವರನ್ನು ಖಾನ್ ಅಂತಲೇ ಕರೆಯುತ್ತಾರೆ. ಹಗ್ಗ ಬಿಗಿದು, ಸಿಲಿಂಡರ್, ಬೀರು, ಫ್ರಿಜ್ಜು ಎಲ್ಲವನ್ನೂ ಬೆನ್ನ ಮೇಲೆ ಹೊರುತ್ತಾರೆ. ವಾಹನ ಬರುವ ಜಾಗಕ್ಕೂ ಮನೆ ಬಾಗಿಲಿಗೂ ನಡುವೆ ಇರುವುದು ಅವರ ಬೆನ್ನು ಮಾತ್ರ. ನಮ್ಮ ಚಕ್ರದ ಸೂಟ್‌ಕೇಸುಗಳು ಆ ಮೆಟ್ಟಿಲ ಮೇಲೆ ಯಾವ ಕೆಲಸಕ್ಕೂ ಬರಲಿಲ್ಲ. ನಮ್ಮವನಿಗೆ ಐವತ್ತು ದಾಟಿರಬೇಕು. ಎರಡನ್ನೂ ಒಟ್ಟಿಗೆ ಕಟ್ಟಿ ಹೊತ್ತುಕೊಂಡ. ಅಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಒಂದನ್ನಾದರೂ ಇಳಿಸು ಅಂತ ಕೈಸನ್ನೆ ಮಾಡಿದಳು. ಅವನು ನಕ್ಕು ಮುಂದೆ ನಡೆದ. ಮೆಟ್ಟಿಲು ನೋಡಿ ಕೂಲಿ ಹೇಳುತ್ತಾರೆ, ಇಳಿಯುವುದಕ್ಕೆ ಒಂದು ರೇಟು, ಹತ್ತುವುದಕ್ಕೆ ಇನ್ನೊಂದು. ಅಲ್ಲಿ ಚೌಕಾಸಿ ಮಾಡುವ ಟೂರಿಸ್ಟರನ್ನು ಆಮೇಲೂ ನೋಡಿದೆ. ನೂರಾರು ರೂಪಾಯಿ ಕೊಟ್ಟು ಕುದುರೆ ಹತ್ತುವವರು ಇಲ್ಲಿ ಇಪ್ಪತ್ತು ರೂಪಾಯಿಗೆ ಜಗ್ಗಾಡುತ್ತಾರೆ.

ಮರುದಿನ ಬೆಳಗ್ಗೆ ಆಂಟಿಯ ಮೊದಲ ಪಾಠ. ತರಕಾರಿಗೆ ಹೊರಟಿದ್ದೆ. "ಬೇಟಾ, ಚೀಟಿ ಬರೆದುಕೊಂಡಿದ್ದೀಯಾ?" ಅಂದರು. ಮೂರು ಸಾಮಾನಿಗೆ ಚೀಟಿ ಯಾಕೆ ಅಂದೆ. "ಒಂದು ಮರೆತರೆ ಮತ್ತೆ ಇಳಿದು ಹತ್ತುತ್ತೀಯಾ?" ಅಂದರು. ಊರಲ್ಲಿ ನಾವು ಕೊತ್ತಂಬರಿ ಸೊಪ್ಪು ಮರೆತರೆ ಚಪ್ಪಲಿ ಮೆಟ್ಟಿಕೊಂಡು ಓಡಿಹೋಗಿ ತರುತ್ತೇವೆ. ಇಲ್ಲಿ ಮರೆತದ್ದು ನಾಳೆಗೆ. ಮನೆಯಿಂದ ಒಬ್ಬರು ಹೊರಟರೆ ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ. ಒಬ್ಬರು ಔಷಧಿ ಹೇಳುತ್ತಾರೆ, ಇನ್ನೊಬ್ಬರು ಸ್ವೆಟರಿನ ಉಲ್ಲನ್ ಹೇಳುತ್ತಾರೆ. ನಾಲ್ಕೈದು ದಿನದಲ್ಲಿ ನಾನೂ ಮೇಲಿನ ಮನೆಯವರ ಹಾಲು ತರತೊಡಗಿದೆ. ಒಳ್ಳೆಯತನ ಅಂತೇನೂ ಅಲ್ಲ, ನಾಳೆ ನನ್ನ ಮೊಸರನ್ನು ಅವರು ತರಬೇಕಲ್ಲ.

ಎರಡನೆಯ ಪಾಠ ರಸ್ತೆಯದು. ಹಳೆ ಶಿಮ್ಲಾದ ರಸ್ತೆಗಳು ಗುಡ್ಡವನ್ನು ಬಳಸಿಕೊಂಡು ಹೋಗುತ್ತವೆ. ಹೆಚ್ಚು ಏರಿಳಿತ ಇರುವುದಿಲ್ಲ, ಆದರೆ ಉದ್ದ. ಮೆಟ್ಟಿಲುಗಳು ನೆಟ್ಟಗೆ ಮೇಲಕ್ಕೆ ಹೋಗುತ್ತವೆ. ಹತ್ತು ನಿಮಿಷ ಉಳಿಯುತ್ತದೆ, ಮೊಣಕಾಲು ಉಳಿಯುವುದಿಲ್ಲ. ಕಾಲೇಜು ಹುಡುಗರು ಮೆಟ್ಟಿಲು ಹಿಡಿಯುತ್ತಾರೆ, ವಯಸ್ಸಾದವರು ರಸ್ತೆ. ಸಂಜೌಲಿಯಿಂದ ಆಸ್ಪತ್ರೆ, ಲಕ್ಕಡ್ ಬಜಾರ್ ಹಾದು ಊರಿನ ನಡುವಿನ ರಿಡ್ಜ್ ಮೈದಾನಕ್ಕೆ ಹೋಗುವ ದಾರಿ ಮೂರು ಕಿಲೋಮೀಟರಿನಷ್ಟಿದ್ದರೂ ನಡೆಯಲು ಸುಖ. ಅಮ್ಮ ದಿನಾ ನಡೆದಳು. ದಾರಿ ಕೇಳಿದರೆ ಇಲ್ಲಿ ಯಾರೂ ಕಿಲೋಮೀಟರ್ ಹೇಳುವುದಿಲ್ಲ, ನಿಮಿಷ ಹೇಳುತ್ತಾರೆ. ಆ ನಿಮಿಷ ಅವರ ಕಾಲಿನದು. ನಮ್ಮಂಥವರು ದುಪ್ಪಟ್ಟು ಮಾಡಿಕೊಳ್ಳಬೇಕು.

ಬಸ್ಸುಗಳೂ ಇವೆ. ಸಣ್ಣವು, ತುಂಬಿ ತುಳುಕುವವು. ಕಂಡಕ್ಟರ್ ಸೀಟಿ ಊದಿದರೆ ನಿಲ್ಲುತ್ತದೆ, ಮತ್ತೆ ಊದಿದರೆ ಹೊರಡುತ್ತದೆ. ತಿರುವಿನಲ್ಲಿ ಎದುರು ಬಸ್ಸು ಬಂದರೆ ಯಾರು ಹಿಂದಕ್ಕೆ ಹೋಗಬೇಕು ಅಂತ ಇಬ್ಬರು ಡ್ರೈವರುಗಳೂ ಮಾತಿಲ್ಲದೆ ತೀರ್ಮಾನ ಮಾಡುತ್ತಾರೆ. ಅದೊಂದು ವಿದ್ಯೆ. ಹಿಮಾಚಲದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್ಟಿನ ರಿಯಾಯಿತಿ ಬಂದದ್ದು 2022ರಲ್ಲಿ. ನಮ್ಮ ಶಕ್ತಿ ಯೋಜನೆಗಿಂತ ಒಂದು ವರ್ಷ ಮುಂಚೆ. ಅಮ್ಮ ಇದನ್ನು ಕೇಳಿ, ನಮ್ಮಲ್ಲಿ ಪೂರ್ತಿ ಫ್ರೀ ಅಂತ ಪಕ್ಕದ ಸೀಟಿನವರಿಗೆ ಕನ್ನಡದಲ್ಲೇ ವಿವರಿಸಿದಳು. ಆಧಾರ್ ಕಾರ್ಡು ಬೇರೆ ತೆಗೆದು ತೋರಿಸಿದಳು. ಆಕೆಗೆ ಎಲ್ಲ ಅರ್ಥವಾಯಿತು ಅನ್ನುವ ಹಾಗೆ ತಲೆಯಾಡಿಸಿದರು.

ಬಿಸಿಲಿನ ವಿಷಯಕ್ಕೆ ಬರುತ್ತೇನೆ. ಡಿಸೆಂಬರಿನ ಶಿಮ್ಲಾವನ್ನು ಆಳುವುದು ಬಿಸಿಲು. ಊರಿನ ನಡುವೆ ಬೆಟ್ಟದ ಬೆನ್ನು ಹಾದುಹೋಗುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಇಡೀ ದಿನ ಬಿಸಿಲು. ಉತ್ತರದ ಕಡೆ ನೆರಳು, ತೇವ, ಜಾರುವ ಕಲ್ಲು. ಒಂದೇ ಊರು, ಒಂದೇ ಬಾಡಿಗೆ, ಆದರೆ ಆ ಕಡೆ ಮನೆ ಮಾಡಿದವರ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಉತ್ತರದ ಈ ನೆರಳಿನಿಂದಲೇ ಲಕ್ಕಡ್ ಬಜಾರಿನ ಕೆಳಗಿನ ಐಸ್ ಸ್ಕೇಟಿಂಗ್ ಅಂಗಳ ಬದುಕಿದೆ. 1920ರಿಂದ ನಡೆಯುತ್ತಿದೆ. ಯಂತ್ರ ಇಲ್ಲ. ರಾತ್ರಿ ಅಂಗಳಕ್ಕೆ ನೀರು ಬಿಡುತ್ತಾರೆ, ಆಕಾಶ ತಿಳಿಯಾಗಿದ್ದರೆ ಬೆಳಗ್ಗೆ ಹೊತ್ತಿಗೆ ಮಂಜುಗಡ್ಡೆ. ಮೋಡ ಬಂದರೆ ಸ್ಕೇಟಿಂಗ್ ಇಲ್ಲ. ನಾವು ಹೋದ ದಿನ ಮಕ್ಕಳು ಸ್ಕೂಲ್ ಬ್ಯಾಗಿನಷ್ಟೇ ಸಲೀಸಾಗಿ ಸ್ಕೇಟುಗಳನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ಅಮ್ಮನಿಗೆ ಹಿಮದ ಬದಲು ಇದೇ ಸಿಕ್ಕಿತು. ಕಂಬಿ ಹಿಡಿದು ಬಗ್ಗಿ ಮುಟ್ಟಿ ನೋಡಿದಳು.

ಹಿಮ ಯಾವಾಗ ಬೀಳುತ್ತೆ ಅಂತ ಕೇಳಿದರೆ ಊರಿನವರು ನಗುತ್ತಾರೆ. ಡಿಸೆಂಬರಿನಲ್ಲಿ ಬಂದರೆ ಬಂತು. ಜನವರಿಯಲ್ಲಿ ಹೆಚ್ಚು ಭರವಸೆ. ಬಿದ್ದರೆ ಟೂರಿಸ್ಟಿಗೆ ಹಬ್ಬ, ಊರಿನವರಿಗೆ ಕರೆಂಟ್ ಇಲ್ಲ, ಬಸ್ಸಿಲ್ಲ, ಪೈಪಿನಲ್ಲಿ ನೀರು ಗಟ್ಟಿ. ಜೋರು ಚಳಿಯ ರಾತ್ರಿ ನಲ್ಲಿಯನ್ನು ಸ್ವಲ್ಪ ತೆರೆದು ತೊಟ್ಟಿಕ್ಕಲು ಬಿಡಬೇಕು ಅಂತ ಆಂಟಿ ಹೇಳಿದ್ದರು. ನೀರು ಚಲಿಸುತ್ತಿದ್ದರೆ ಹೆಪ್ಪುಗಟ್ಟುವುದು ಕಡಿಮೆ.

ಹಾಗಂತ ನೀರು ಚೆಲ್ಲುವ ಊರಲ್ಲ ಇದು. ಬೆಟ್ಟದ ತುದಿಯಲ್ಲಿ ಊರು, ನೀರು ಇರುವುದು ಕೆಳಗಿನ ಕಣಿವೆಗಳಲ್ಲಿ. ಗುಮ್ಮಾ, ಗಿರಿ ಕಡೆಯಿಂದ ಪಂಪು ಮಾಡಿ ಮೇಲೆ ತರಬೇಕು. ರಿಡ್ಜ್ ಮೈದಾನದಲ್ಲಿ ಜನ ಐಸ್‌ಕ್ರೀಮು ತಿನ್ನುತ್ತಾ ಓಡಾಡುತ್ತಾರಲ್ಲ, ಅವರ ಕಾಲ ಕೆಳಗೇ ಬ್ರಿಟಿಷರ ಕಾಲದ ದೊಡ್ಡ ನೀರಿನ ತೊಟ್ಟಿ ಇದೆ. ಇನ್ನೊಂದು ಮಜಾ ಏನೆಂದರೆ ಅದೇ ರಿಡ್ಜ್‌ನ ಉತ್ತರಕ್ಕೆ ಬಿದ್ದ ಮಳೆ ಸಟ್ಲೆಜ್ ಸೇರಿ ಅರಬ್ಬಿ ಸಮುದ್ರದ ಕಡೆ, ದಕ್ಷಿಣಕ್ಕೆ ಬಿದ್ದದ್ದು ಯಮುನೆ ಸೇರಿ ಬಂಗಾಳ ಕೊಲ್ಲಿಯ ಕಡೆ ಹೋಗುತ್ತದೆ. ನಮ್ಮ ಬಿಸಲೆ ಘಾಟಿಯ ಹತ್ತಿರವೂ ಹೀಗೇ ನೀರು ಎರಡಾಗುವ ಜಾಗ ಇದೆ. ಎರಡು ಸಮುದ್ರಕ್ಕೆ ನೀರು ಕಳಿಸುವ ಊರಿಗೆ 2018ರ ಮೇ ಕೊನೆಯಲ್ಲಿ ಕುಡಿಯಲು ನೀರಿರಲಿಲ್ಲ. ಶಾಲೆಗಳಿಗೆ ರಜೆ ಕೊಟ್ಟರು, ಬರಬೇಡಿ ಅಂತ ಊರಿನವರೇ ಟೂರಿಸ್ಟರಿಗೆ ಹೇಳಿದರು. ಆಂಟಿ ಇವತ್ತಿಗೂ ಅಕ್ಕಿ ತೊಳೆದ ನೀರನ್ನು ಬಕೆಟ್ಟಿಗೆ ಹಾಕುತ್ತಾರೆ. ನಾನು ಪಾತ್ರೆ ತೊಳೆಯುವಾಗ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ಏನೂ ಅನ್ನಲಿಲ್ಲ, ಬಂದು ನಿಲ್ಲಿಸಿ ಹೋದರು.

ಬೆಳಗ್ಗೆ ಹತ್ತಾದ ಮೇಲೆ ಕಟ್ಟಡದ ಹೆಂಗಸರೆಲ್ಲ ತಾರಸಿಗೆ ಹತ್ತುತ್ತಾರೆ. ಕಾರುಗಳ ಪಕ್ಕ ಚಾಪೆ. ಸೂರ್ಯನಿಗೆ ಬೆನ್ನು ಹಾಕಿ ಕೂರುತ್ತಾರೆ. ಕಿತ್ತಳೆ ಸುಲಿಯುವುದು, ಶೇಂಗಾ ಒಡೆಯುವುದು, ಸ್ವೆಟರ್ ಹೆಣೆಯುವುದು, ಬೇಳೆ ಆರಿಸುವುದು, ಸೊಸೆಯರ ಬಗ್ಗೆ ಮಾತಾಡುವುದು. ಅಮ್ಮನಿಗೆ ಹಿಂದಿ ಬರುವುದಿಲ್ಲ. ಎರಡನೇ ದಿನವೇ ಆ ಚಾಪೆಯಲ್ಲಿ ಅವಳಿಗೊಂದು ಜಾಗ ಆಯಿತು. ಎಲ್ಲರೂ ಬೆಹೆನ್‌ಜಿ ಅನ್ನುತ್ತಿದ್ದರು. ಯಾರ ಸೊಸೆ ಯಾಕೆ ಮಾತು ಬಿಟ್ಟಿದ್ದಾಳೆ ಅಂತ ಸಂಜೆ ಅಮ್ಮ ನನಗೆ ಹೇಳುತ್ತಿದ್ದಳು. ಹೇಗೆ ತಿಳಿಯಿತೋ ದೇವರೇ ಬಲ್ಲ. ನಾನು ರೂಮಿನಲ್ಲಿ ರಜಾಯಿ ಹೊದ್ದು ಮೀಟಿಂಗಿನಲ್ಲಿ ಕೂತಿರುತ್ತಿದ್ದೆ. ಕೊನೆಗೆ ಲ್ಯಾಪ್‌ಟಾಪನ್ನು ನಾನೂ ತಾರಸಿಗೇ ಒಯ್ದೆ.

ಆ ತಾರಸಿಯಲ್ಲೇ ಸಿಡ್ಡು ಆಯಿತು. ಶಿಮ್ಲಾ, ಕುಲ್ಲು ಕಡೆಯ ಮನೆತಿಂಡಿ ಇದು. ಗೋಧಿ ಹಿಟ್ಟಿಗೆ ಈಸ್ಟ್ ಹಾಕಿ ಕಲಸಿ, ಬಟ್ಟೆ ಮುಚ್ಚಿ ಬಿಸಿಲಿಗೆ ಇಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಉಬ್ಬುತ್ತದೆ. ಚಳಿಯಲ್ಲಿ ಒಳಗಿಟ್ಟರೆ ಸಂಜೆಯಾದರೂ ಏಳುವುದಿಲ್ಲವಂತೆ. ಒಳಗೆ ತುಂಬಲು ರುಬ್ಬಿದ ಉದ್ದಿನಬೇಳೆ ಅಥವಾ ಗಸಗಸೆ, ಅಕ್ರೋಟು. ಮಡಚಿ ಅಂಚು ಒತ್ತಿ ಹಬೆಯಲ್ಲಿ ಬೇಯಿಸುವುದು. ಅಮ್ಮ ಒಂದು ನೋಡಿದವಳೇ, "ಇದು ನಮ್ಮ ಕಡುಬಿನ ಹಂಗೇ ಐತಲ್ಲೇ" ಅಂತ ತಾನೂ ಹಿಟ್ಟಿಗೆ ಕೈ ಹಾಕಿದಳು. ಬಿಸಿಬಿಸಿ ಸಿಡ್ಡು ಮುರಿದು ತುಪ್ಪ ಸುರಿಯುತ್ತಾರೆ. ಸುರಿಯುವುದು ಅಂದರೆ ಸುರಿಯುವುದೇ, ಚಮಚದ ಲೆಕ್ಕ ಇಲ್ಲ. ಎರಡು ತಿಂದರೆ ರಾತ್ರಿ ಊಟ ಬೇಡ. ಮಾಲ್ ರೋಡಿನ ಹೋಟೆಲುಗಳಲ್ಲೂ ಸಿಗುತ್ತದೆ ಈಗ. ತಿಂದು ನೋಡಿದೆ, ಹಿಟ್ಟು ಗಟ್ಟಿ, ತುಪ್ಪ ಜಿಪುಣ.

ಉಳಿದಂತೆ ಮನೆಯೂಟ ಸರಳ. ರಾಜ್ಮಾ ಅನ್ನ, ಉದ್ದಿನ ದಾಲ್, ಕಢಿ. ಭಾನುವಾರ ಒಂದು ಸಲ ಆಂಟಿ ನಮ್ಮನ್ನು ಸಂಕಟ್ ಮೋಚನ್ ಹನುಮನ ದೇವಸ್ಥಾನಕ್ಕೆ ಕರೆದುಕೊಂಡು ಹೋದರು. ಕಾಲ್ಕಾ ರಸ್ತೆಯಲ್ಲಿ, ತಾರಾದೇವಿ ಕಡೆ. ಭಾನುವಾರ ಅಲ್ಲಿ ಎಲ್ಲರಿಗೂ ಊಟ. ಸಾಲಾಗಿ ಕೂತು ಉಣ್ಣುವುದು, ಬಡಿಸುವವರು ಬಕೆಟ್ ಹಿಡಿದು ಓಡುವುದು ಅಮ್ಮನಿಗೆ ಹೊಸದಲ್ಲ. ಜಾಖೂ ಗುಡ್ಡದ 108 ಅಡಿಯ ಹನುಮನನ್ನು ಟೂರಿಸ್ಟರು ನೋಡುತ್ತಾರೆ. ನಮ್ಮ ಕಟ್ಟಡದವರ ಹನುಮ ಇವನು. ಜಾಖೂದಲ್ಲಿ ಮಂಗಗಳ ಕಾಟ ಅಂತ ಅವರೇ ಹೋಗುವುದಿಲ್ಲ.

ಮಂಗಗಳು ಜಾಖೂದಲ್ಲಿ ಮಾತ್ರ ಇಲ್ಲ ಅನ್ನುವುದು ಬೇರೆ ಮಾತು. ಎಲ್ಲ ಕಿಟಕಿಗೂ ಜಾಲರಿ. ತಾರಸಿಯಲ್ಲಿ ಯಾರಾದರೂ ಒಬ್ಬರ ಪಕ್ಕ ಸದಾ ಕೋಲು. ಕೈಯಲ್ಲಿ ಚೀಲ ಹಿಡಿದು ನಡೆಯಬಾರದು, ಬೆನ್ನಿಗೆ ಹಾಕಿಕೊಳ್ಳಬೇಕು. ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಕನ್ನಡಕ ಕಿತ್ತುಕೊಂಡರೆ ಓಡಿಸಿಕೊಂಡು ಹೋಗಬಾರದು, ತಿನ್ನಲು ಏನಾದರೂ ಎಸೆದರೆ ಬಿಟ್ಟುಹೋಗುತ್ತವೆ. ಅಮ್ಮ ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಳು.

ಮಾರುಕಟ್ಟೆಯನ್ನು ನಾನು ಮೇಲಿನಿಂದ ಕೆಳಕ್ಕೆ ಕಲಿತೆ. ಮೇಲೆ ರಿಡ್ಜ್. ಅದರ ಕೆಳಗೆ ಮಾಲ್ ರೋಡ್. ಅದರ ಕೆಳಗೆ ಮಿಡ್ಲ್ ಬಜಾರ್, ಲೋಯರ್ ಬಜಾರ್, ಸಬ್ಜಿ ಮಂಡಿ. ಎಲ್ಲಕ್ಕಿಂತ ಕೆಳಗೆ ಬಸ್ಸು ಓಡುವ ಕಾರ್ಟ್ ರೋಡ್. ಒಂದೊಂದು ಮಟ್ಟ ಇಳಿದಂತೆ ಬೆಲೆಯೂ ಇಳಿಯುತ್ತದೆ. ಮಾಲ್‌ನಲ್ಲಿ ನೋಡಿದ ಶಾಲು ಲೋಯರ್ ಬಜಾರಿನಲ್ಲಿ ಕಡಿಮೆಗೆ ಸಿಕ್ಕಿತು. ಕಾರ್ಟ್ ರೋಡಿನಿಂದ ಮಾಲ್‌ಗೆ ಲಿಫ್ಟ್ ಇದೆ, ಹಣ ಕೊಟ್ಟು ಹತ್ತಬಹುದು. ಸೀಸನ್ನಿನಲ್ಲಿ ಅದರ ಮುಂದೆ ಉದ್ದನೆ ಸಾಲು. ಊರಿನವರು ಸಾಲಿನತ್ತ ನೋಡುವುದೂ ಇಲ್ಲ, ಅಂಗಡಿಗಳ ನಡುವಿನ ಮೆಟ್ಟಿಲು ಹಿಡಿದು ನಡುವೆ ಒಂದು ಕಡೆ ಚಹಾ ಕುಡಿದು, ಮೇಲೆ ಬಂದು ಬಿಡುತ್ತಾರೆ.

ಸಂಜೆ ಮಾತ್ರ ಅವರೂ ಮಾಲ್ ರೋಡಿಗೆ ಬರುತ್ತಾರೆ. ಕೊಳ್ಳಲು ಅಲ್ಲ. ಒಳ್ಳೆ ಕೋಟು ಹಾಕಿಕೊಂಡು ಸ್ಕ್ಯಾಂಡಲ್ ಪಾಯಿಂಟಿನಿಂದ ಆ ತುದಿಗೆ ಹೋಗಿ, ತಿರುಗಿ ಈ ತುದಿಗೆ ಬರುವುದು. ನಾಲ್ಕು ಜನ ಸಿಗುತ್ತಾರೆ, ನಿಂತು ಮಾತಾಡುತ್ತಾರೆ, ಮತ್ತೆ ನಡೆಯುತ್ತಾರೆ. ವಾಹನ ಇಲ್ಲದ ರಸ್ತೆ ಅದು, ಆಂಬುಲೆನ್ಸ್‌ನಂಥವನ್ನು ಬಿಟ್ಟರೆ. ಮಕ್ಕಳನ್ನು ಬಿಟ್ಟು ಆರಾಮಾಗಿ ನಡೆಯಬಹುದು. ನನ್ನ ಮಟ್ಟಿಗೆ ಶಿಮ್ಲಾದ ದೊಡ್ಡ ಆಸ್ತಿ ಇದೇ. ಚರ್ಚು, ವೈಸ್‌ರಾಯ್ ಬಂಗಲೆ ಎಲ್ಲ ಆಮೇಲೆ. ನಮ್ಮ ಯಾವ ಊರಿನಲ್ಲಿ ಪೇಟೆಯ ನಟ್ಟನಡುವೆ ಹಾರ್ನ್ ಕೇಳದೆ ಒಂದು ಗಂಟೆ ನಡೆಯಲಾಗುತ್ತದೆ, ಹೇಳಿ.

ಅಲ್ಲೇ ಇಂಡಿಯನ್ ಕಾಫಿ ಹೌಸ್ ಇದೆ. ನಿವೃತ್ತರು, ವಕೀಲರು, ರಾಜಕೀಯ ಮಾತಾಡುವವರು. ಒಂದು ಕಪ್ಪಿಗೆ ಎರಡು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಲು ಹೊರಟಾಗ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡು ನಡೆಸಿದರು. ಅದರ ಮೊದಲ ಸಂಘಗಳಲ್ಲಿ ಒಂದು 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಇದನ್ನೆಲ್ಲ ಹೇಳಿ ಅಮ್ಮನನ್ನು ಕರೆದುಕೊಂಡು ಹೋದೆ. ಒಂದು ಗುಟುಕು ಕುಡಿದು, "ಡಿಕಾಕ್ಷನ್ ತೆಳು" ಅಂದಳು. ಆದರೂ ಮಾರನೇ ದಿನ ತಾನೇ ಆ ಕಡೆ ತಿರುಗಿದಳು. ಬೆಚ್ಚಗಿರುತ್ತದೆ, ಕೂರಲು ಜಾಗ ಇದೆ, ಮತ್ತೇನು ಬೇಕು ಅಂತ.

ಕ್ರಿಸ್ಮಸ್ ಹತ್ತಿರ ಬಂದಂತೆ ಊರಿನ ಗಾಳಿಯೇ ಬದಲಾಯಿತು. ಬಸ್ಸುಗಳು ಕಾರುಗಳ ಹಿಂದೆ ಸಿಕ್ಕಿಬಿದ್ದವು. ಆಂಟಿ ಒಂದು ವಾರದ ದಿನಸಿ ತಂದಿಟ್ಟುಕೊಂಡರು. ಡಿಸೆಂಬರ್ ಕೊನೆಯಿಂದ ಹೊಸವರ್ಷದವರೆಗೆ ಊರಿನವರು ಆದಷ್ಟು ಮೇಲೆ ಹೋಗುವುದಿಲ್ಲವಂತೆ. ನಾವೂ ಅದಕ್ಕೆ ಮುಂಚೆಯೇ ಹೊರಟೆವು.

ಹೊರಡುವುದು ರೈಲಿನಲ್ಲಿ ಅಂದಾಗ ಆಂಟಿ ನಕ್ಕರು. ಬಸ್ಸಿನಲ್ಲಿ ಬೇಗ ಹೋಗುವುದು ಬಿಟ್ಟು ಐದು ಗಂಟೆಗೂ ಜಾಸ್ತಿ ಕೂರುತ್ತೀರಾ ಅಂದರು. ಅವರು ಅದರಲ್ಲಿ ಕೂತು ವರ್ಷಗಳೇ ಆಗಿದ್ದವು. ಆದರೆ ಅಮ್ಮನ ಆಸೆ. 1903ರಲ್ಲಿ ಶುರುವಾದ, ಬೆಟ್ಟದ ಬುಡದ ಕಾಲ್ಕಾವರೆಗಿನ ಹಳಿ, 96 ಕಿಲೋಮೀಟರ್, ನೂರಕ್ಕೂ ಹೆಚ್ಚು ಸುರಂಗ. ಅಮ್ಮ ಸುರಂಗ ಎಣಿಸತೊಡಗಿ, ಶೇಂಗಾ ತಿನ್ನುವ ಗಡಿಬಿಡಿಯಲ್ಲಿ ಲೆಕ್ಕ ತಪ್ಪಿ, ಮತ್ತೆ ಸುರಂಗದ ಬಾಯಿಯ ಮೇಲೆ ನಂಬರ್ ಬರೆದಿರುವುದನ್ನು ಕಂಡು ಸಮಾಧಾನ ಮಾಡಿಕೊಂಡಳು. ಬಡೋಗ್‌ನಲ್ಲಿ ಗಾಡಿ ನಿಂತಾಗ ಎಲ್ಲರೂ ಕಟ್ಲೆಟ್ಟಿಗೆ ಇಳಿದರು, ನಾವೂ ಇಳಿದೆವು. ಕಾಲ್ಕಾ ಬರುವ ಹೊತ್ತಿಗೆ ಸ್ವೆಟರು, ಮಂಕಿ ಕ್ಯಾಪು ಎಲ್ಲ ಬ್ಯಾಗಿಗೆ ಹೋಗಿದ್ದವು. ಸಪಾಟು ಪ್ಲಾಟ್‌ಫಾರ್ಮ್. ಕೂಲಿಯವನು ಬಂದ. ಅಮ್ಮ ಬೇಡ ಅಂದು, ಸೂಟ್‌ಕೇಸಿನ ಹಿಡಿ ಎಳೆದು, ಚಕ್ರ ಉರುಳಿಸಿಕೊಂಡು ದೆಹಲಿ ಗಾಡಿ ಎಲ್ಲಿ ಅಂತ ಕೇಳುತ್ತಾ ಹೊರಟೇಬಿಟ್ಟಳು.